ನಾಲ್ಕು ಬೆರಳು ನೀರು

“ಹೊಲಗೇರಿ ಮುಂಡೆ, ನನಗೆ ನೀರು ಬಿಡೋದು ಹೇಳಿಕೊಡ್ತೀಯೇನೇ?”

ಇಂಜಿನಿಯರ್ ಸತ್ಯನಾರಾಯಣ ಕೆರೆಯ ಏರಿಯ ಮೇಲೆ ನಿಂತು ಇದನ್ನು ಅಚ್ಚ ಕನ್ನಡದಲ್ಲಿ ಅಂದರು. ನಾನು ಮದ್ರಾಸಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಗಂಡ ಸತ್ತ ಮೇಲಿನ ನಾಲ್ಕು ವರ್ಷದಲ್ಲಿ, ಅವರು ಬರುವ ತನಕ, ನನ್ನೊಡನೆ ಕನ್ನಡ ಆಡಿದವರು ಒಬ್ಬರೂ ಇರಲಿಲ್ಲ. ನಾಚಿಕೆಗೆಟ್ಟ ಮಾತು, ಆದರೂ ಹೇಳುತ್ತೇನೆ. ಬೈಗುಳ ಎಂದು ತಿಳಿಯುವ ಮೊದಲು ಅದು ಕಿವಿಗೆ ಹಿತವಾಗಿತ್ತು.

ತಪ್ಪು ನನ್ನದೇ. ಬಾಯಿ ಮುಚ್ಚಿಕೊಂಡು ತೂಬಿನ ಚಕ್ರ ತಿರುಗಿಸಿಕೊಂಡಿದ್ದರೆ ಆಗುತ್ತಿತ್ತು. ಗಂಡ ಮಾಡುತ್ತಿದ್ದ ದಿನಗೂಲಿಯ ಆ ಕೆಲಸ ಅವನು ಸತ್ತ ಮೇಲೆ ನನ್ನ ಕೈಗೆ ಬಂದಿತ್ತು. ತೂಬಿನ ಪಕ್ಕದ ಶೆಡ್ಡಿನಲ್ಲಿ ಒಬ್ಬಳೇ ಇದ್ದೆ. ಆಫೀಸಿನವರು ಬಂದರೆ ತಮಿಳಿನಲ್ಲಿ ಎರಡು ಮಾತು ಹೇಳಿ ಹೋಗುತ್ತಿದ್ದರು. ಮಿಕ್ಕ ಹೊತ್ತು ನಾನು ಮಾತಾಡುತ್ತಿದ್ದುದು ಚಕ್ರದ ಜೊತೆ. ಅದೂ ಕಿರ್ರೆಂದು ಉತ್ತರ ಕೊಡುತ್ತಿತ್ತು.

ಆ ಬೇಸಿಗೆ ಮೇಲಿನಿಂದ ಕಾಗದವೊಂದು ಬಂತು. ಕೆರೆಯ ಕೆಳಗಿನ ಹಳ್ಳದ ಜೀವಗಳಿಗೂ ನೀರು ಬಿಡಬೇಕಂತೆ, ಹದಿನೈದು ದಿನ, ದಿನಕ್ಕೆ ಸ್ವಲ್ಪ ಸ್ವಲ್ಪ. ಓದಿ ಹೇಳಿದ ಆಫೀಸಿನವನು ನಕ್ಕ. ಊರಿಗೇ ಕುಡಿಯಲು ಲಾರಿ ನೀರು, ಇನ್ನು ಹಕ್ಕಿಗೆಲ್ಲಿ ಅಂದ. ನನಗೆ ಮಾತ್ರ ಕಣ್ಣು ತುಂಬಿ ಬಂತು. ಊರಲ್ಲಿ ನಮ್ಮ ಮಾವ, ಕೆರೆಯ ನೀರು ಇಳಿದಾಗಲೆಲ್ಲ, ಕೆಳಗಿನ ಹಳ್ಳಕ್ಕೆ ಹಕ್ಕಿ ಪಾಲು ಅಂತ ನೀರು ಬಿಡುತ್ತಿದ್ದ. ದಿನಕ್ಕೆ ನಾಲ್ಕೇ ಬೆರಳು ಏರಬೇಕು. ನೀರಂಚಿಗೆ ಕಲ್ಲಿಟ್ಟು, ಮಾರನೆಯ ದಿನ ಬೆರಳಿಟ್ಟು ಅಳೆಯುತ್ತಿದ್ದ.

ಯಾಕೆ ನಾಲ್ಕು ಅಂದರೆ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಗೂಡು ಕಟ್ಟುವುದು ನೀರಂಚಿನ ಕೆಸರಿನಲ್ಲಿ. ನೀರು ಮೆಲ್ಲಗೆ ಏರಿದರೆ ಅದು ಕಡ್ಡಿ, ಕಲ್ಲುಚೂರು ತಂದು ಗೂಡಿನ ಅಡಿಗೆ ತುರುಕಿ ಮೊಟ್ಟೆಗಳನ್ನು ಮೇಲೆತ್ತಿಕೊಳ್ಳುತ್ತದೆ. ಒಮ್ಮೆಲೇ ಬಂದರೆ ಎಲ್ಲ ತೇಲಿಹೋಯಿತು. ಈ ತೂಬಿನ ಕೆಳಗೂ ಹದಿನೇಳು ಗೂಡು ಇದ್ದವು. ನನಗೆ ಇಲ್ಲಿ ನೆಂಟರು ಅಂತ ಇದ್ದರೆ ಅವೇ.

ಸತ್ಯನಾರಾಯಣ ಹೊಸದಾಗಿ ವರ್ಗವಾಗಿ ಬಂದಿದ್ದರು. ಹೊಸೂರು ಕಡೆಯವರು. ನಾನು ಚಕ್ರಕ್ಕೆ ಗೊಣಗುತ್ತಿದ್ದುದು ಕೇಳಿ, ಕನ್ನಡದೋಳಾ ಅಂದರು. ನನಗೆ ತವರಿನವರು ಬಂದ ಹಾಗಾಯಿತು. ಓಡಿಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟೆ. ಕುಡಿಯುತ್ತಾ ಹೇಳಿದರು: ಭಾನುವಾರ ದೊಡ್ಡವರು ಬರುತ್ತಾರೆ, ಕ್ಯಾಮೆರಾದವರು ಬರುತ್ತಾರೆ, ಹದಿನೈದು ದಿನದ ನೀರನ್ನು ಅವರೆದುರು ಒಂದೇ ಗಂಟೆಯಲ್ಲಿ ಬಿಟ್ಟು ಮುಗಿಸಬೇಕು. ಭೋರ್ಗರೆದರೆ ನೋಡಲು ಚಂದವಂತೆ.

“ಬ್ಯಾಡಿ ಸಾಮಿ, ಮೊಟ್ಟೆ ಎಲ್ಲಾ ಕೊಚ್ಕೊಂಡು ಓಗ್ತವೆ,” ಅಂದೆ. “ನಾಲ್ಕ್ ಬೆಳ್ಳು ಬಿಡ್ಬೇಕು ದಿನಕ್ಕೆ.”

“ಯಾರು ಹೇಳಿದ್ದು?”

“ನಮ್ ಮಾವ. ಮುಳಬಾಗ್ಲು ಕಡೆ ಕೆರೆ ನೀರು ಬಿಡೋ ನೀರಗಂಟಿಗಳು ನಾವೇ ಸಾಮಿ.”

ಎದೆಯುಬ್ಬಿಸಿಯೇ ಹೇಳಿದ್ದೆ. ಮದ್ರಾಸಿನಲ್ಲಿ ಆ ಮಾತಿನಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ನಾನು ಬರೀ ಕನ್ನಡದವಳಾಗಿದ್ದೆ. ಹೊಸೂರಿನವರಿಗೆ ಗೊತ್ತು, ನೀರಗಂಟಿ ಯಾವ ಕೇರಿಯಿಂದ ಬರುತ್ತಾನೆಂದು. ಅವರು ಬಾಯಲ್ಲಿದ್ದ ನೀರನ್ನು ಉಗಿದರು, ಚೊಂಬನ್ನು ಕೆರೆಗೆ ಎಸೆದರು. ಆಮೇಲೆ ಬಂದದ್ದು ಆ ಬೈಗುಳ. ಚೊಂಬು ಗಂಡನದಾಗಿತ್ತು.

ಭಾನುವಾರ ಏರಿಯ ಮೇಲೆ ಶಾಮಿಯಾನ ಎದ್ದಿತು. ಅಡ್ಯಾರ್‌ನಿಂದ ಹಕ್ಕಿ ನೋಡುವ ಗುಂಪಿನವರೂ ಬಂದಿದ್ದರು. ಅವರಲ್ಲಿ ವಂದನಾ ಎಂಬಾಕೆ ಮಗಳಿಗೆ ಕನ್ನಡದಲ್ಲಿ ಏನೋ ಹೇಳುತ್ತಿದ್ದಳು. ಮಗಳು ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ನಾನು ಹತ್ತಿರ ಹೋಗಿ ಎಲ್ಲ ಹೇಳಿದೆ. ಆಕೆ ದುರ್ಬೀನು ಹಿಡಿದು ಕೆಳಗೆ ನೋಡಿದಳು. ಗೂಡು ಕಂಡವು ಅಂತ ಆಕೆಯ ಮುಖವೇ ಹೇಳಿತು.

“ನೀವಾದ್ರೂ ಅವ್ರಿಗೊಂದ್ ಮಾತು ಏಳಿ ಅವ್ವ.”

ಆಕೆ ಶಾಮಿಯಾನದ ಕಡೆ ನೋಡಿದಳು. “ಇಷ್ಟಾದರೂ ನೀರು ಬಿಡಿಸೋಕೆ ಎರಡು ವರ್ಷ ಓಡಾಡಿದ್ದೀವಮ್ಮ. ಈಗ ಅವರನ್ನ ಎದುರುಹಾಕ್ಕೊಂಡ್ರೆ ಮುಂದಿನ ವರ್ಷ ಇದೂ ಇಲ್ಲ.” ನನ್ನ ಕೈಗೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟಳು.

ಸತ್ಯನಾರಾಯಣ ಚಕ್ರದ ಕಡೆ ಗದ್ದ ಆಡಿಸಿದರು. ಪೊಟ್ಟಣವನ್ನು ಚಕ್ರದ ಮೇಲಿಟ್ಟೆ. ಸೀರೆ ಎತ್ತಿ ಕಟ್ಟಿ, ಏರಿಯ ಮೆಟ್ಟಿಲಿಳಿದು ಹಳ್ಳದೊಳಗೆ ನಡೆದೆ. ಹಕ್ಕಿಗಳು ಕೀಚುಗುಟ್ಟುತ್ತ ಮೇಲೆದ್ದವು. ಗೂಡುಗಳ ನಡುವೆ ಕೆಸರಿನಲ್ಲಿ ಕುಳಿತೆ.

ಮೇಲಿನಿಂದ ಮೊದಲು ತಮಿಳಿನಲ್ಲಿ ಕೂಗಿದರು. ಆಮೇಲೆ ಸತ್ಯನಾರಾಯಣ ಕನ್ನಡದಲ್ಲಿ ಕೂಗಿದರು. ನಾಳೆಯಿಂದ ಕೆಲಸವಿಲ್ಲ, ಪೊಲೀಸರನ್ನು ಕರೆಸುತ್ತೇನೆ, ನಾಯಿ, ರಂಡೆ. ನಾಲ್ಕು ವರ್ಷ ಕೇಳದ ಕನ್ನಡವೆಲ್ಲ ಒಟ್ಟಿಗೆ ಬಂತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತು ಮುಗಿಸಿ ತಲೆಯೆತ್ತಿದೆ.

“ನಾ ಮುಟ್ಟಿದ್ ಚಕ್ರ ಅದು,” ಅಂದೆ. “ನಿಮ್ ಕೈಯಾಗೇ ಮುಟ್ಟಿ ತಿರುಗ್ಸಿ ಸಾಮಿ.”

ದುರ್ಬೀನುಗಳು ನನ್ನ ಕಡೆ ತಿರುಗಿದ್ದವು. ಒಂದು ಹಕ್ಕಿ ಇಳಿದು, ನನ್ನ ಮೊಣಕಾಲಿನಿಂದ ಒಂದು ಮಾರು ದೂರದಲ್ಲಿ ಮೊಟ್ಟೆಗಳ ಮೇಲೆ ಕುಳಿತುಕೊಂಡಿತು.

ಆಗ ಬೆನ್ನ ಹಿಂದೆ ಚಕ್ರ ಕಿರ್ರೆಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಯಾರ ಕೈ ಎಂದು ತಿರುಗಿ ನೋಡಲಿಲ್ಲ. ನೀರು ಬಂದು ಮುಟ್ಟುವ ಮೊದಲೇ ಕೆಸರಿನಲ್ಲಿ ತಡವಿ ಕಲ್ಲುಚೂರುಗಳನ್ನು ಹೆಕ್ಕಿ, ಪಕ್ಕದ ಗೂಡಿನ ಅಡಿಗೆ ಒಂದೊಂದಾಗಿ ತುರುಕತೊಡಗಿದೆ.