ಎಡಗಡೆಯ ಕ್ರ್ಯಾಂಕು

"ಇದನ್ನ ಯಾತರಲ್ಲಿ ಮಾಡೋದು?"

ಸಾದಿಕ್ ಪಾಷಾ ಕೇಳಿದ್ದು ಗಟ್ಟಿಯಾಗಿಯೇ. ಕೇಳಿಸಿಕೊಳ್ಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕರೆಂಟು ಹೋಗಿ ಲೇತು ನಿಂತಿತ್ತು. ಶಿಡ್ಲಘಟ್ಟದ ಆ ಬೀದಿಯ ರೇಷ್ಮೆ ಬಿಚ್ಚುವ ಮಿಷನ್ನುಗಳೂ ಒಟ್ಟಿಗೇ ನಿಂತು, ಬೆಂದ ಗೂಡಿನ ವಾಸನೆಯೊಂದೇ ಉಳಿದಿತ್ತು. ಅವನ ಅಂಗೈಯಲ್ಲಿ ಸೈಕಲ್ಲಿನ ಎಡಗಡೆಯ ಕ್ರ್ಯಾಂಕು, ಪೆಡಲನ್ನು ನಡುವಿನ ಅಚ್ಚಿಗೆ ಕೂಡಿಸುವ ಉಕ್ಕಿನ ತೋಳು, ಎರಡು ತುಂಡಾಗಿ ಮಲಗಿತ್ತು. ಮುರಿದ ಮುಖದಲ್ಲಿ ಅರ್ಧ ಕಪ್ಪು, ಅರ್ಧ ಕಲ್ಲುಸಕ್ಕರೆ ಒಡೆದ ಹಾಗೆ ಹೊಳಪು. ಕಪ್ಪಿದ್ದ ಕಡೆ ಬಿರುಕು ಎಷ್ಟೋ ಕಾಲದಿಂದ ಒಳಗೊಳಗೇ ಹರಿದುಕೊಂಡು ಬಂದಿತ್ತು. ಹೊಳೆಯುವ ಕಡೆ ಮೊನ್ನೆಯದು.

ಸೈಕಲ್ಲು ಬಯ್ಯಪ್ಪನವರದು. ದಿಬ್ಬೂರಹಳ್ಳಿಯ ಬಯ್ಯಪ್ಪ ಊರೂರಿಗೆ ಹೋಗಿ ಗುಡಿಯ ಜಗುಲಿಯ ಮೇಲೆ ಪುರಾಣದ ಪದ್ಯ ಓದುತ್ತಿದ್ದವರು. ಓದು ಕೇಳಿ ಮನಸೋತ ಚಿಕ್ಕಬಳ್ಳಾಪುರದ ಡಾಕ್ಟರೊಬ್ಬರು ತಮ್ಮ ಪರದೇಶದ ಸೈಕಲ್ಲನ್ನೇ ಅವರಿಗೆ ಕೊಟ್ಟುಬಿಟ್ಟಿದ್ದರು. ಅದರ ಅಚ್ಚಿನ ಅಳತೆ ಬೇರೆ. ಅಂಗಡಿಯಲ್ಲಿ ಸಿಗುವ ಯಾವ ಕ್ರ್ಯಾಂಕೂ ಕೂರುವುದಿಲ್ಲ. ಹೋದ ವರ್ಷ ಬಯ್ಯಪ್ಪ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಆಮೇಲೆ ಸೈಕಲ್ಲು ಮಗಳು ತನುಶ್ರೀಯ ಪಾಲಿಗೆ ಬಂತು.

ತನುಶ್ರೀ ಚಾಕಿ ಕೇಂದ್ರದಲ್ಲಿ, ಆಗತಾನೇ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಸಾಕುವ ಕಡೆ, ಕೆಲಸಕ್ಕಿದ್ದಳು. ಬೆಳಕು ಹರಿಯುವಷ್ಟರಲ್ಲಿ ಹುಳುಗಳಿಗೆ ಎಳೆಯ ಸೊಪ್ಪು ಹೆಚ್ಚಿ ಹಾಕಬೇಕು. ಆ ಹೊತ್ತಿಗೆ ಬಸ್ಸಿಲ್ಲ, ಸೈಕಲ್ಲೇ ಗತಿ. ಆ ರಸ್ತೆಯಲ್ಲಿ ಆ ಹೊತ್ತಿಗೆ ಓಡಾಡುವುದು ಜಲ್ಲಿ ತುಂಬಿದ ಟಿಪ್ಪರುಗಳು ಮಾತ್ರ.

ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬಂದಿದ್ದರು. ತನುಶ್ರೀಯ ಮೊಣಕೈ ತರಚಿತ್ತು.

"ಬಿದ್ದಿದ್ದು ನಾನು, ಆದ್ರೆ ಬ್ಯಾಂಡೇಜು ಸೈಕಲ್ಲಿಗೇ ಮೊದ್ಲು ಅಂತಾರೆ ನಮ್ಮಮ್ಮ," ಅಂದಳು.

"ಸುಮ್ನಿರೇ," ಎಂದ ಲಕ್ಷ್ಮೀನರಸಮ್ಮ ಸೆರಗಿನ ಗಂಟು ಬಿಚ್ಚಿ ಎರಡು ತುಂಡುಗಳನ್ನೂ ಸಾದಿಕ್‌ನ ಮುಂದಿಟ್ಟರು. "ಸಾದಿಕಪ್ಪ, ಹಿಂದಿನಿಂದ ಟಿಪ್ಪರು ಬರ್ತಾ ಇತ್ತಂತೆ. ಇದು ಪಟ್ಟಂತ ಮುರೀತು. ಇವಳು ಎಡಕ್ಕೆ, ರಾಗಿ ಹೊಲದೊಳಕ್ಕೆ ಬಿದ್ಳು. ಬಲಕ್ಕೆ ಬಿದ್ದಿದ್ರೆ ಏನಪ್ಪಾ ಕಥೆ? ಇವರಪ್ಪನೇ ಎಡಕ್ಕೆ ತಳ್ಳಿದ್ದು."

ಎಡಗಡೆಯ ಕ್ರ್ಯಾಂಕು ಮುರಿದರೆ ಎಡಗಾಲು ನೆಲೆ ತಪ್ಪುತ್ತದೆ, ಎಡಕ್ಕೇ ಬೀಳುತ್ತಾರೆ. ಸಾದಿಕ್ ಹಾಗೆಂದು ಹೇಳಲಿಲ್ಲ.

"ಹೊಸದು ಮಾಡ್ಕೊಡ್ತೀನಿ ಅಕ್ಕ."

"ಹೊಸದು ಮಾಡು. ಆದ್ರೆ ಇದನ್ನ ಅದರೊಳಗೆ ಬೆರೆಸು. ನನ್ನ ತಾಳಿಬೊಟ್ಟು ಸವೆದು ತೂತಾದಾಗ ಅಕ್ಕಸಾಲಿ ಹಳೇ ಬಂಗಾರ ಹಾಕೇ ಹೊಸದು ಮಾಡಿದ. ನಮ್ಮೂರ ಗುಡಿ ಗಂಟೆ ಸೀಳ್ದಾಗ್ಲೂ ಹಳೇ ಚೂರು ಹಾಕೇ ಹುಯ್ದಿದ್ದು. ಇಲ್ಲಾಂದ್ರೆ ಅದು ಆ ಗಂಟೆ ಹೆಂಗಾಗುತ್ತೆ?" ಅವರು ದನಿ ತಗ್ಗಿಸಿದರು. "ಅವರದ್ದು ಅದರೊಳಗೆ ಇತ್ತು ಅಂದ್ರೆ ಟಿಪ್ಪರು ಎದುರಿಗೇ ಬಂದ್ರೂ ನನಗೆ ಭಯ ಇಲ್ಲ. ಇಲ್ಲಾಂದ್ರೆ ಇವಳನ್ನ ಆ ರಸ್ತೆಗೆ ಕಳಿಸಲ್ಲ. ಕೆಲಸ ಹೋದ್ರೂ ಹೋಗಲಿ."

"ಇನ್ನೆರಡು ದಿನ ತಡ ಆದ್ರೆ ಅದು ತಾನಾಗೇ ಹೋಗುತ್ತೆ," ಅಂದಳು ತನುಶ್ರೀ. ನಗಲು ನೋಡಿದಳು, ಆಗಲಿಲ್ಲ. "ನಡೆದು ಹೋಗೋಷ್ಟರಲ್ಲಿ ಹುಳ ಹಸ್ಕೊಂಡಿರ್ತವೆ ಅಂಕಲ್. ಬೇರೆಯವಳನ್ನ ನೋಡ್ಕೊತೀವಿ ಅಂದಿದಾರೆ."

ನೋಡಣ ಅಕ್ಕ, ಅಂದುಬಿಟ್ಟಿದ್ದ ಸಾದಿಕ್. ಆ 'ನೋಡಣ' ಈಗ ಅಂಗೈಯಲ್ಲಿ ಭಾರವಾಗಿತ್ತು.

ಚಿಂತಾಮಣಿಯಲ್ಲಿ ಎರಕದ ಕೆಲಸ ಮಾಡುವ ಮೋಹನ್‌ಬಾಬುವಿಗೆ ಫೋನು ಮಾಡಿದ.

"ಹಳೇ ಉಕ್ಕು ಕರಗಿಸಿ, ಅಚ್ಚಿಗೆ ಹುಯ್ದು ಕೊಡ್ತೀಯಾ?"

"ನನ್ನ ಹತ್ರ ಇರೋದು ಕುಲುಮೆ ಸಾಬ್ರೇ, ಸೂರ್ಯ ಅಲ್ಲ. ಅಲ್ಯೂಮಿನಿಯಂ ಕೇಳಿ, ಹುಯ್ಕೊಡ್ತೀನಿ. ಬೆಳ್ಳಿ ಹಂಗೆ ಥಳಥಳ ಅನ್ನುತ್ತೆ."

"ತುಳಿದ್ರೆ?"

"ತುಳಿಯೋಕಾ? ಹಂಗಂದ್ರೆ ಬೇಡ. ನೋಡೋಕೆ ಅಂದ್ಕೊಂಡೆ."

ಎರಕ ಆಗದು ಎಂದಾಯಿತು. ಉಳಿದದ್ದು ಎರಡು ದಾರಿ. ಹಳೆಯ ಕ್ರ್ಯಾಂಕಿನ ಗಟ್ಟಿಯಿದ್ದ ತುದಿಯನ್ನು ಕೊಯ್ದು, ಹೊಸ ತೋಳಿಗೆ ವೆಲ್ಡಿಂಗ್ ಮಾಡುವುದು ಒಂದು. ಮೂಲೆಯಲ್ಲಿ ಬಿದ್ದಿರುವ ಟ್ರ್ಯಾಕ್ಟರಿನ ಅಚ್ಚಿನ ತುಂಡಿನಿಂದ ಪೂರ್ತಿ ಕ್ರ್ಯಾಂಕನ್ನು ಕೊರೆದು ತೆಗೆಯುವುದು ಇನ್ನೊಂದು. ಕರೆಂಟು ಬಂತು. ಸಾದಿಕ್ ಮೊದಲನೆಯದಕ್ಕೇ ಕೈ ಹಾಕಿದ.

ಮನಸ್ಸಿಟ್ಟು ಮಾಡಿದ. ಬಿರುಕು ಬಿಟ್ಟ ಭಾಗವನ್ನು ಪೂರಾ ಕೊಯ್ದು, ಅಂಚನ್ನು ಇಳಿಜಾರಾಗಿ ಉಜ್ಜಿ, ಉಕ್ಕನ್ನು ಬಿಸಿ ಮಾಡಿಯೇ ಬೆಸೆದು, ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಲು ಬಿಟ್ಟ. ಆರಿದ ಮೇಲೆ ಅರ ಹಾಕಿದ. ಬೆಸುಗೆ ಎಲ್ಲಿದೆಯೆಂದು ಅವನಿಗೇ ಹುಡುಕಬೇಕಾಯಿತು. ಆಮೇಲೆ ದಾರ ಕಟ್ಟಿ ತೂಗುಬಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿದ.

ಟಣ್ ಅಂದಿತು. ಅಂದು, ಅಲ್ಲೇ ನಿಂತುಬಿಟ್ಟಿತು.

ಮತ್ತೆ ತಟ್ಟಿದ. ಅದೇ. ಸದ್ದು ಹೊರಟು, ನಡುವೆ ಯಾರೋ ಕೈ ಅಡ್ಡ ಹಿಡಿದ ಹಾಗೆ ಸಾಯುತ್ತಿತ್ತು; ಒಳಗೆಲ್ಲೋ ಬಿರುಕಿದ್ದರೆ ಹೀಗೇ. ಟ್ರ್ಯಾಕ್ಟರಿನ ಅಚ್ಚಿನ ತುಂಡನ್ನು ತಂದು ಅದೇ ದಾರಕ್ಕೆ ಕಟ್ಟಿ ತಟ್ಟಿದ. ಸದ್ದು ಉದ್ದಕ್ಕೆ ಹೋಯಿತು, ಬೀದಿಗೆ ಇಳಿಯಿತು, ಅವನು ಉಸಿರು ಬಿಟ್ಟ ಮೇಲೂ ಎಲ್ಲೋ ಸಣ್ಣಗೆ ಇತ್ತು.

ಮಧ್ಯಾಹ್ನ ಊಟ ತಂದ ಹೆಂಡತಿ ಮೆಹಬೂಬ್ ಬೀ ಬಾಗಿಲಲ್ಲೇ ನಿಂತು ನೋಡಿದಳು. ಗಂಡ ಎರಡನೆಯ ಕ್ರ್ಯಾಂಕಿಗೆ ಕೈ ಹಾಕಿದ್ದ. ವಿಷಯವೆಲ್ಲ ಕೇಳಿ, ಡಬ್ಬಿಯ ಮುಚ್ಚಳ ತೆಗೆಯುತ್ತಾ ತಮ್ಮ ಉರ್ದುವಿನಲ್ಲಿ, "ಗಟ್ಟಿ ಇರೋದನ್ನ ಕೊಡಿ, ಬೆರೆಸಿದೀನಿ ಅಂತ ಹೇಳಿ. ಆಯ್ತಲ್ಲ," ಅಂದಳು.

"ಆಯ್ತಾ?"

"ಆ ಹುಡುಗಿ ಕೆಲಸ ಉಳಿಯುತ್ತೆ, ಆ ತಾಯಿ ನಿದ್ದೆ ಮಾಡ್ತಾಳೆ. ಯಾರಿಗೆ ನಷ್ಟ? ನನ್ನ ಬಿರಿಯಾನಿ ಚೆನ್ನಾಗಿದೆ ಅಂತ ದಿನಾ ಸುಳ್ಳು ಹೇಳಲ್ವಾ ನೀವು?"

"ಅದು ಸುಳ್ಳಲ್ಲ."

"ನೋಡಿ, ಎಷ್ಟು ಸಲೀಸಾಗಿ ಬರುತ್ತೆ ಬಾಯಲ್ಲಿ."

ಅವನು ನಕ್ಕ. ಅವಳ ಮಾತಿನಲ್ಲಿ ತಪ್ಪು ಹುಡುಕಲು ಅವನಿಂದ ಆಗಲಿಲ್ಲ. ಹೇಳಿದರೆ ಒಂದು ಮಾತು. ಹೇಳದಿದ್ದರೆ ಹೋಗುವುದು ಆ ಹುಡುಗಿಯ ಅನ್ನ.

ಸಂಜೆ ಎಡಗಡೆಯ ಪೆಡಲು ಕೂರುವ ತೂತಿಗೆ ಉಲ್ಟಾ ಸುತ್ತಿನ ಥ್ರೆಡ್ಡು ಕೊಯ್ಯುವಾಗ, ಯಾಕೋ ಏನೋ, ಬಯ್ಯಪ್ಪನವರ ದನಿ ಕಿವಿಗೆ ಬಂತು. ಸಾದಿಕ್ ಚಿಕ್ಕವನಿದ್ದಾಗ ಅವನ ಅಪ್ಪ ಗೂಡು ಕೊಳ್ಳಲು ದಿಬ್ಬೂರಹಳ್ಳಿಗೆ ಹೋದರೆ ಅವನೂ ಹೋಗುತ್ತಿದ್ದ. ಶ್ರಾವಣದ ಸಂಜೆ ಗುಡಿಯ ಹೊರಗೆ, ಈ ಸೈಕಲ್ಲಿನ ಕ್ಯಾರಿಯರ್ ಮೇಲೆಯೇ ಕುಳಿತು ಪದ್ಯ ಕೇಳುತ್ತಿದ್ದ. ಅರ್ಥವಾಗುತ್ತಿದ್ದದ್ದು ಕಡಿಮೆ. ದನಿ ಏರುವಾಗ ಎದೆ ಏರುತ್ತಿತ್ತು, ಇಳಿಯುವಾಗ ಇಳಿಯುತ್ತಿತ್ತು, ಅಷ್ಟೇ ಸಾಕಾಗಿತ್ತು. ಒಂದು ಸಲ ಓದು ನಡುವೆ ನಿಂತಿತು. ಬಾಯಿಪಾಠದ ಪದ್ಯದಲ್ಲಿ ಒಂದು ಸಾಲು ಮರೆತಿತ್ತು. ಜನ ಕಾದರು. "ಏನೋ ಒಂದು ಸೇರಿಸ್ಕೊಂಡು ಮುಂದಕ್ಕೆ ಹೋಗಪ್ಪ ಬಯ್ಯಪ್ಪ, ನಮಗೇನು ಗೊತ್ತಾಗುತ್ತೆ," ಅಂದರು ಯಾರೋ. ಬಯ್ಯಪ್ಪ ಮಾತಾಡದೆ ಎದ್ದು ಬಂದು, ಹುಡುಗನನ್ನು ಕ್ಯಾರಿಯರಿನಿಂದ ಎತ್ತಿ ಕೆಳಗಿಳಿಸಿ, ಸೈಕಲ್ಲು ಹತ್ತಿ ಮನೆಗೆ ಹೋದರು. ಪುಸ್ತಕ ನೋಡಿಕೊಂಡು ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರಿಗೆ, ನಿಂತಿದ್ದ ಸಾಲಿನಿಂದಲೇ ಓದಿದರು.

ಸಾದಿಕ್ ಲೇತು ನಿಲ್ಲಿಸಿ, ಕ್ರ್ಯಾಂಕಿನ ಮೇಲಿನ ಉಕ್ಕಿನ ಚೂರುಗಳನ್ನು ಊದಿದ.

ಮರುದಿನ ಅವರು ಬರುವಷ್ಟರಲ್ಲಿ ಸೈಕಲ್ಲು ಸ್ಟ್ಯಾಂಡಿನ ಮೇಲೆ ಸಿದ್ಧವಾಗಿತ್ತು. ಹೊಸ ಕ್ರ್ಯಾಂಕು ಬಣ್ಣವಿಲ್ಲದೆ ಬೂದು ಬೂದಾಗಿ ಕಾಣುತ್ತಿತ್ತು. ಲಕ್ಷ್ಮೀನರಸಮ್ಮ ಅರಿಶಿನ ಕುಂಕುಮ, ಒಂದು ಮೊಳ ಕನಕಾಂಬರ ತಂದಿದ್ದರು. ತನುಶ್ರೀ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಆವತ್ತು ತಡವಾಗಿಯಾದರೂ ಹೋಗದಿದ್ದರೆ ಮತ್ತೆ ಬರಬೇಡ ಎಂದು ಕೇಂದ್ರದವರು ಹೇಳಿದ್ದರಂತೆ.

ಲಕ್ಷ್ಮೀನರಸಮ್ಮ ಕುಂಕುಮದ ಬೆರಳನ್ನು ಕ್ರ್ಯಾಂಕಿನ ಹತ್ತಿರ ತಂದು ತಡೆದರು.

"ಬೆರೆಸಿದೀಯಾ ಸಾದಿಕಪ್ಪ?"

ಅವನು ಮೇಜಿನ ಮೇಲಿದ್ದ ಬಟ್ಟೆಯ ಗಂಟನ್ನು ತಂದು ಬಿಚ್ಚಿದ. ಹಳೆಯ ಕ್ರ್ಯಾಂಕಿನ ಚೂರು, ಬೆಸೆದು ಕೆಟ್ಟ ಇನ್ನೊಂದು, ಎರಡೂ ಇದ್ದವು. "ಬೆರೆಸಿ ನೋಡ್ದೆ ಅಕ್ಕ. ಅದರ ಸದ್ದು ಸರಿ ಬರ್ಲಿಲ್ಲ. ಅದು ಮತ್ತೆ ಮುರಿಯುತ್ತೆ. ಹಾಕಿರೋದು ಬೇರೆ ಉಕ್ಕು. ಆನೆ ತುಳಿದ್ರೂ ಏನೂ ಆಗಲ್ಲ. ಬೇಕಾದ್ರೆ ಹಳೇ ತುಂಡನ್ನ ಸೀಟಿನ ಕೆಳಗೆ ಭದ್ರವಾಗಿ ಕಟ್ಕೊಡ್ತೀನಿ."

"ಕಟ್ಟಿದ್ದು ಬೇರೆ ಕಣಪ್ಪ, ಬೆರೆತಿದ್ದು ಬೇರೆ."

ಬೀದಿಯಲ್ಲಿ ನೂಲು ಬಿಚ್ಚಿ ಉಳಿದ ಬೆಂದ ಹುಳು ತುಂಬಿದ ಲಗೇಜ್ ಆಟೋ ಹೋಯಿತು. ತನುಶ್ರೀ ತಾಯಿಯ ಹಿಂದೆ ನಿಂತು ಸಾದಿಕ್‌ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಬೇಡುತ್ತಿದ್ದದ್ದು ಅವನಿಗೆ ತಿಳಿಯುತ್ತಿತ್ತು. ಒಂದು ಸಲ ತಲೆಯನ್ನೂ ಆಡಿಸಿದಳು, ಬೆರೆಸಿದೀನಿ ಅಂತ ಹೇಳಿಬಿಡಿ ಅಂಕಲ್, ಅನ್ನುವ ಹಾಗೆ.

ಲಕ್ಷ್ಮೀನರಸಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ಬೆರಳ ತುದಿಯ ಕುಂಕುಮ ಹಾಗೇ ಇತ್ತು.

"ಇವಳ ಅನ್ನ ಕಿತ್ಕೊಬೇಕು ಅಂತ ನನಗೇನು ಆಸೆನಾ? ಆದ್ರೆ ಹೆಂಗೆ ಕಳಿಸ್ಲಿ? ರಾತ್ರಿಯೆಲ್ಲ ಅದೇ ಟಿಪ್ಪರು ತಲೆ ಮೇಲೆ ಬರುತ್ತೆ." ತಲೆಯೆತ್ತಿದರು. "ಹೋಗಲಿ, ಬೆರೆತಿಲ್ಲ. ಸರಿ. ಆದ್ರೂ ಬೆರೆಸಿದೀನಿ ಅಂತ ಒಂದ್ಮಾತು ನಿನ್ನ ಬಾಯಲ್ಲಿ ಹೇಳಪ್ಪ. ನೀನು ಈಗ ಹೇಳಿದ್ದನ್ನ ನಾನು ಕೇಳೇ ಇಲ್ಲ ಅಂದ್ಕೊತೀನಿ. ಅವರ ಓದು ಕೇಳಿ ಬೆಳೆದವನು ನೀನು. ನಿನ್ನ ಬಾಯಲ್ಲಿ ಬಂದ್ರೆ ಸಾಕು, ನಾನು ನಂಬ್ತೀನಿ. ನಂಬಿ ಕಳಿಸ್ತೀನಿ."

ಸಾದಿಕ್‌ನ ಕೈ ಪೆಡಲಿನ ಮೇಲಿತ್ತು. ಗೊತ್ತಿಲ್ಲದೆಯೇ ಅದನ್ನು ಒಂದು ಸುತ್ತು ತಿರುವಿದ. ಚೈನು ಸರಸರನೆ ಹರಿಯಿತು, ಹಿಂದಿನ ಚಕ್ರ ತಿರುಗತೊಡಗಿತು, ಹೊಸ ಕ್ರ್ಯಾಂಕು ಒಂದಿಷ್ಟೂ ಕುಂಟದೆ ಮೇಲೆ ಹೋಗಿ ಕೆಳಗೆ ಬಂದು ತೂಗುತ್ತಾ ನಿಂತಿತು. ಚಕ್ರ ಮಾತ್ರ ಟಿಕಟಿಕ ಎನ್ನುತ್ತಾ ತಿರುಗುತ್ತಲೇ ಇತ್ತು. ಮೂವರೂ ಅದನ್ನೇ ಕೇಳಿದರು.

"ಹೇಳಲ್ಲ ಅಕ್ಕ," ಅಂದ ಸಾದಿಕ್.