ಎರಕದ ಮನೆ

"ಇಪ್ಪತ್ತೆರಡು ವರ್ಷ ಇದ್ವಮ್ಮ ಆ ಮನೇಲಿ. ನೆಗಡಿ ಬಂದು ಮಲಗಿದ್ದೂ ನೆನಪಿಲ್ಲ ನನಗೆ," ಎಂದರು ಮೇಷ್ಟ್ರು, ಅವಳು ಚಾಚಿದ ಕಾಗದವನ್ನು ಮುಟ್ಟದೆ.

ಅವಳು ಕೈ ಹಿಂದೆಗೆಯಲಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ ಅದು. ನಾಲ್ಕು ವರ್ಷದ ಮಗಳ ರಕ್ತದಲ್ಲಿದ್ದ ಸೀಸದ ಅಂಕಿಯ ಸುತ್ತ ಡಾಕ್ಟರು ಕೆಂಪು ಶಾಯಿಯಲ್ಲಿ ಎರಡು ಸುತ್ತು ಎಳೆದಿದ್ದರು. ಎರಡನೆಯ ಸುತ್ತಿಗೆ ಕಾಗದ ಚೂರು ಹರಿದಿತ್ತು.

"ನಿಮ್ಮ ಮೇಲೆ ತಪ್ಪು ಹೊರಿಸೋಕೆ ಬಂದಿಲ್ಲ ಮೇಷ್ಟ್ರೇ. ನಿಮಗಿಂತ ಮುಂಚೆ ಅಲ್ಲಿ ಯಾರಿದ್ರು, ಏನು ಕೆಲಸ ಮಾಡ್ತಿದ್ರು, ಅಷ್ಟು ಹೇಳಿದ್ರೆ ಸಾಕು."

"ಯಾರೋ ಬಾಡಿಗೆಯವರು. ನನಗೇನು ಗೊತ್ತು? ಖಾಲಿ ಮನೆ ಕೊಂಡ್ಕೊಂಡೆ, ಖಾಲಿ ಮನೆ ನಿಮಗೆ ಮಾರಿದೆ."

ಕ್ರಯಪತ್ರದಲ್ಲಿ ಮೇಷ್ಟ್ರಿಗಿಂತ ಹಿಂದೆ ಇದ್ದದ್ದು ಒಬ್ಬ ವ್ಯಾಪಾರಿಯ ಹೆಸರು. ಆತ ಆ ಮನೆಯಲ್ಲಿ ಒಂದು ದಿನವೂ ವಾಸವಿದ್ದವನಲ್ಲ, ಈಗ ಬದುಕಿಯೂ ಇಲ್ಲ. ಹಾಗಾಗಿ ಅವಳು ಹದಿನೈದು ದಿನದಿಂದ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದೆಸಿಟ್ಟು ಬೀದಿಯ ಹಳಬರನ್ನು ಒಬ್ಬೊಬ್ಬರಾಗಿ ಕೇಳಿಕೊಂಡು ಬಂದಿದ್ದಳು. ಮೂಲೆ ಅಂಗಡಿಯವನಿಗೆ ಏನೂ ನೆನಪಿರಲಿಲ್ಲ. ನಿವೃತ್ತನಾದ ಅಂಚೆಯವನು ಮಾತ್ರ ಬಹಳ ಹೊತ್ತು ತಲೆ ಕೆರೆದುಕೊಂಡು ಒಂದು ಅಡ್ಡಹೆಸರು ಹೇಳಿದ್ದ.

"ಕರಿಗೈ ಅಂತ ಯಾರೋ ಇದ್ರಂತಲ್ಲ?"

ಒಳಗೆ ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜತೊಡಗಿದರು. "ಊರು ಅಂದ್ಮೇಲೆ ನೂರು ಹೆಸರು. ಮಗುವನ್ನ ಒಳ್ಳೆ ಡಾಕ್ಟರಿಗೆ ತೋರಿಸಮ್ಮ. ಹೀಗೆ ಬೀದಿ ಬೀದಿ ಅಲೆದರೆ ಏನು ಸಿಗುತ್ತೆ?" ಎಂದು ಎದ್ದುನಿಂತರು.

ಅವಳು ಎರಡು ಮಹಡಿ ಇಳಿದಿರಬೇಕು, ಹಿಂದಿನಿಂದ ಬರಿಗಾಲಿನ ಸಪ್ಪಳ ಕೇಳಿಸಿತು. ಮೇಷ್ಟ್ರ ಹೆಂಡತಿ. ಒದ್ದೆ ಕೈಯಲ್ಲೇ ಅವಳ ಮೊಣಕೈ ಹಿಡಿದರು.

"ಸೈಕಲ್ ಅಂಗಡಿ ಮೇಲಿನ ಮನೆ. ಕರಿಗೈಯ ಹೆಂಡತಿ ಇದ್ದಾಳೆ. ನಾನು ಹೇಳಿದೆ ಅನ್ನಬೇಡ ಕಣಮ್ಮ." ಏದುಸಿರು ಬಿಡುತ್ತ ಮತ್ತೆ ಕೇಳಿದರು, "ಮಗು ಮಾತಾಡುತ್ತಾ?"

"ಆಡ್ತಿದ್ಲು," ಎಂದಳು ಅವಳು.

ಅದೇ ಅವಳನ್ನು ತಿನ್ನುತ್ತಿದ್ದದ್ದು. ಹೊಟ್ಟೆನೋವು, ವಾಂತಿ ಎಲ್ಲ ಯಾವ ಮಗುವಿಗೂ ಬರುತ್ತದೆ. ಮೊದಲು ನೋಡಿದವರು ಜಂತುಹುಳ ಎಂದು ಔಷಧಿ ಕೊಟ್ಟಿದ್ದರು. ಆದರೆ ಇಡೀ ದಿನ ವಟಗುಟ್ಟುತ್ತಿದ್ದ ಗುಬ್ಬಿ, ಮನೆಯವರೆಲ್ಲ ಮಗುವನ್ನು ಕರೆಯುತ್ತಿದ್ದದ್ದೇ ಗುಬ್ಬಿ ಎಂದು, ಕಲಿತ ಮಾತುಗಳನ್ನು ಒಂದೊಂದಾಗಿ ಬಿಡುತ್ತ ಬಂದಳು. ಮೊದಲು ಹಾಡು ಹೋಯಿತು. ಆಮೇಲೆ ಬಣ್ಣಗಳ ಹೆಸರು. ದೊಡ್ಡಾಸ್ಪತ್ರೆಯ ಡಾಕ್ಟರು ವರದಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಮನೇಲಿ ಬ್ಯಾಟರಿ ಕೆಲಸ ಮಾಡೋರು ಯಾರಾದ್ರೂ ಇದ್ದಾರಾ?"

ಅವಳ ಗಂಡ ಬಸ್ ಡಿಪೋದಲ್ಲಿ ಬ್ಯಾಟರಿ ರಿಪೇರಿ ಮಾಡುವವನು. ಅವನ ರಕ್ತ ನೋಡಿದರೆ ಅಲ್ಲೂ ಸೀಸ ಇತ್ತು, ಆ ಕೆಲಸದವರಿಗೆಲ್ಲ ಇರುವಷ್ಟು. ಬಟ್ಟೆಗೆ ಅಂಟಿ ಬಂದ ಧೂಳಿನಿಂದ ಮಗುವಿಗೆ ಇಷ್ಟು ಏರುವುದು ಕಷ್ಟ, ಮನೆ ಹಳೆಯದಾದರೆ ಅದರ ಪೂರ್ವಾಪರ ವಿಚಾರಿಸಿ ಎಂದು ಡಾಕ್ಟರು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಅಂದಿನಿಂದ ಡಿಪೋದಲ್ಲೇ ಸ್ನಾನ ಮಾಡಿ ಬರುತ್ತಿದ್ದ. ಗುಬ್ಬಿ ಓಡಿಬಂದರೆ ಎರಡೂ ಕೈ ಮೇಲೆತ್ತಿ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಅವಳು ಮನೆಮನೆ ಸುತ್ತುವುದನ್ನು ಕಂಡು ಒಂದು ದಿನ, "ಕಳ್ಳನ್ನ ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದೀಯ ನೀನು," ಎಂದಿದ್ದ.

ಸೈಕಲ್ ಅಂಗಡಿಯ ಪಕ್ಕದ ಕಬ್ಬಿಣದ ಏಣಿ ಹತ್ತಿದರೆ ಒಂದೇ ಕೋಣೆ. ಹಾಸಿಗೆಯ ಮೇಲೆ ಕೂತಿದ್ದ ಮುದುಕಿ ಅವಳ ವಿಳಾಸ ಕೇಳಿದ್ದೇ, "ಓ, ಎರಕದ ಮನೆಯೋಳಾ ನೀನು? ಬಾ, ಕೂತ್ಕೋ," ಎಂದಳು. ಕಿಟಕಿಯ ಕೆಳಗೆ ನೆಲದ ಮೇಲೆ ನರೆತ ಗಡ್ಡದ ಗಂಡಸೊಬ್ಬ ಡಬ್ಬಿಯಿಂದ ಕಬ್ಬಿಣದ ವಾಷರುಗಳನ್ನು ತೆಗೆದು ತಂತಿಗೆ ಪೋಣಿಸುತ್ತಿದ್ದ. ತಲೆಯೆತ್ತಿ ಅವಳನ್ನು ನೋಡಿ ನಕ್ಕ.

"ಎರಕ ಅಂದ್ರೆ?"

"ಅಚ್ಚುಕೂಟದ ಅಕ್ಷರದ ಮೊಳೆ ಎರಕ ಹೊಯ್ತಿದ್ರಮ್ಮ ನಮ್ಮೋರು. ಸವೆದ ಮೊಳೆ ಮೂಟೆಗಟ್ಟಲೆ ಬರೋದು. ಹಿತ್ತಲಲ್ಲಿ ತಗಡಿನ ಚಪ್ಪರ, ಒಲೆ, ದೊಡ್ಡ ಬಾಣಲೆ. ಸೀಸ ಕರಗಿಸಿ ಹೊಸ ಮೊಳೆ ಮಾಡೋದು. ಮೇಲೆ ಕಿಟ್ಟ ತೇಲುತ್ತಲ್ಲ, ಅದನ್ನ ಸೌಟಲ್ಲಿ ತೆಗೆದು ಅಲ್ಲೇ ಗೋಡೆ ಬುಡಕ್ಕೆ ಎಸೆಯೋದು. ಇಪ್ಪತ್ತೈದು ವರ್ಷ. ಕೈ ಎಷ್ಟು ತೊಳೆದ್ರೂ ಕಪ್ಪು, ಅದಕ್ಕೇ ಆ ಹೆಸರು." ಮುದುಕಿ ಕಿಟಕಿಯತ್ತ ಗದ್ದ ಎತ್ತಿ ತೋರಿಸಿದಳು. "ಇವನು ಹುಟ್ಟಿದ್ದು ಅಲ್ಲೇ. ಆ ಮಣ್ಣಲ್ಲೇ ಹೊರಳಾಡಿ ಬೆಳೆದ. ನಲವತ್ತೇಳು ಈಗ. ಅವ್ವ ಅಂತಾನೆ, ನೀರು ಅಂತಾನೆ. ಇನ್ನೇನೂ ಅನ್ನಲ್ಲ."

ಗಂಡಸು ತಂತಿಯನ್ನು ಎತ್ತಿ ಅಲ್ಲಾಡಿಸಿ ಸದ್ದು ಮಾಡಿದ. ಅವಳಿಗೆ ಅತ್ತ ನೋಡಲಾಗಲಿಲ್ಲ.

"ಇದು ಮೇಷ್ಟ್ರಿಗೆ ಗೊತ್ತಿತ್ತಾ ಅಜ್ಜಿ?"

"ನಾನೇ ಹೇಳಿದ್ನಲ್ಲ! ಸಾಮಾನು ಸಾಗಿಸೋ ದಿನ ಕೈ ಹಿಡ್ಕೊಂಡು ಹೇಳಿದೆ. ಸ್ವಾಮೀ, ನಮ್ಮ ಕೋಳಿ ಒಂದೂ ಉಳೀಲಿಲ್ಲ, ಹಿತ್ತಲ ಮಣ್ಣಿಗೆ ಮಕ್ಕಳನ್ನ ಬಿಡಬೇಡಿ ಅಂತ. ಪುಣ್ಯಾತ್ಮ ಕೇಳಿದ. ತಿಂಗಳೊಪ್ಪತ್ತಲ್ಲಿ ಹಿತ್ತಲಿಗೆಲ್ಲ ಕಲ್ಲು ಚಪ್ಪಡಿ ಹಾಸಿಸಿಬಿಟ್ಟ. ಯಾಕೆ, ಈಗ ಇಲ್ವಾ ಚಪ್ಪಡಿ?"

ಅವಳು ಎದ್ದು ಏಣಿ ಇಳಿದಳು.

ಚಪ್ಪಡಿ ಕೀಳಿಸಿದ್ದು ಅವಳೇ. ಮನೆಗೆ ಬಂದ ಎರಡನೇ ತಿಂಗಳಲ್ಲಿ. ಕಲ್ಲು ಇರಲಿ ಬಿಡು, ಚೊಕ್ಕವಾಗಿದೆ ಎಂದು ಗಂಡ ಅಂದಿದ್ದ. ಅವನು ಕೆಲಸಕ್ಕೆ ಹೋದಾಗ ಇಬ್ಬರು ಆಳುಗಳನ್ನು ಕರೆಸಿ ಕೀಳಿಸಿ, ಮಣ್ಣು ಅಗೆಸಿ, ಗೋಡೆಯ ಬುಡಕ್ಕೆ ನಾಲ್ಕು ಮಡಿ ಸೊಪ್ಪು ಹಾಕಿದ್ದಳು. ಕಪ್ಪು ಮಣ್ಣು ಕಂಡು ಎಂಥ ಒಳ್ಳೇ ಮಣ್ಣು ಎಂದು ಹಿಗ್ಗಿದ್ದಳು. ಗುಬ್ಬಿ ಆ ಮಡಿಗಳ ನಡುವೆಯೇ ಆಡಿದ್ದಳು. ಒಮ್ಮೆ ಬೆರಳಲ್ಲಿ ಮಣ್ಣು ನೆಕ್ಕುತ್ತಿದ್ದಾಗ, ಮಣ್ಣು ತಿಂದ ಮಗು ಗಟ್ಟಿ ಎಂದು ಅವಳೇ ನಕ್ಕಿದ್ದಳು.

ಬೀದಿಯಲ್ಲೇ ನಿಂತು ಮೇಷ್ಟ್ರಿಗೆ ಫೋನು ಮಾಡಿದಳು. ಮುದುಕಿ ಹೇಳಿದ್ದನ್ನೂ ತಾನು ಚಪ್ಪಡಿ ಕೀಳಿಸಿದ್ದನ್ನೂ ಒಂದೇ ಉಸಿರಿಗೆ ಹೇಳಿದಳು.

"ಕಲ್ಲು ಹಾಸಿಸಿದ್ನಲ್ಲಮ್ಮ," ಎಂದರು ಮೇಷ್ಟ್ರು. "ಕಲ್ಲು ಇರೋವರೆಗೆ ಏನೂ ಆಗಲ್ಲ ಅಂದ್ಕೊಂಡೆ. ನೀವು ಕೀಳ್ತೀರ ಅಂತ ನನಗೇನು ಕನಸು ಬಿದ್ದಿತ್ತಾ?"

"ಒಂದು ಮಾತು. ಒಂದೇ ಒಂದು ಮಾತು ಹೇಳಬೇಕಿತ್ತು."

"ಹೇಳಿದ್ರೆ ನೀವು ಆ ಮನೆ ತಗೊಳ್ತಿದ್ರಾ?"

ಅವಳು ಫೋನು ಇಟ್ಟಳು.

ಮನೆಗೆ ಬಂದಾಗ ಗಂಡ ಬೆಳಗಿನ ಪಾಳಿ ಮುಗಿಸಿ ಜಗಲಿಯ ಮೇಲೆ ಕೂತಿದ್ದ. ಗುಬ್ಬಿ ಒಳಗೆ ಬಾಗಿಲ ಹತ್ತಿರ ಚಾಪೆಯ ಮೇಲಿದ್ದಳು. ಇಬ್ಬರ ನಡುವೆ ಹೊಸ್ತಿಲು. ಅವನು ಅಲ್ಲಿಂದಲೇ ನಾಯಿಯ ಹಾಗೆ, ಕಾಗೆಯ ಹಾಗೆ ಕೂಗಿ ತೋರಿಸುತ್ತಿದ್ದ. ಮಗು ಸುಮ್ಮನೆ ಅವನ ಬಾಯಿಯನ್ನೇ ನೋಡುತ್ತಿತ್ತು.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಮೇಷ್ಟ್ರು ಮುಚ್ಚಿಟ್ಟರು ಎಂದು ಮೊದಲು ಹೇಳಬೇಕು, ಎರಕದ ವಿಷಯ ಆಮೇಲೆ, ಚಪ್ಪಡಿಯ ಮಾತು ಕಡೆಗೆ. ಅವನ ಮುಖ ಕಂಡದ್ದೇ ಎಲ್ಲ ತಲೆಕೆಳಗಾಯಿತು.

"ರೀ, ನಾನು ಆ ಕಲ್ಲು ಕೀಳಿಸಬಾರದಿತ್ತು," ಎಂದು ಶುರುಮಾಡಿದಳು.

ಅವನು ಒಮ್ಮೆಯೂ ಅಡ್ಡ ಬಾಯಿ ಹಾಕದೆ ಕೇಳಿದ. ಅವಳು ಬೈಗುಳಕ್ಕೆ ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಅವನು ತನ್ನ ಅಂಗೈಗಳನ್ನು ಮಗುಚಿ ಮಗುಚಿ ನೋಡಿಕೊಂಡ.

"ಹಾಗಾದ್ರೆ ನಾನಲ್ಲ," ಎಂದ.

"ಅಲ್ಲ."

"ನಾನಲ್ಲ ಅಲ್ವಾ?"

"ನೀವಲ್ಲ ರೀ."

ಅವನು ಎದ್ದ. ಬಚ್ಚಲಿಗೆ ಹೋಗಿ ಮತ್ತೊಮ್ಮೆ ಕೈ ತೊಳೆದುಕೊಂಡು ಬಂದು, ಹೊಸ್ತಿಲು ದಾಟಿ, ಮಗುವನ್ನು ಎತ್ತಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಅವಳು ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟಳು. ಅವನು ತಿರುಗಲಿಲ್ಲ. ಮಗುವನ್ನು ಹೊತ್ತು ಒಳಕೋಣೆಗೆ ನಡೆದ.

ಅವಳು ಹಿತ್ತಲಿಗೆ ಹೋದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮಡಿಯ ಸೊಪ್ಪನ್ನೆಲ್ಲ ಬೇರುಸಹಿತ ಕಿತ್ತು ಗೋಣಿಗೆ ತುಂಬತೊಡಗಿದಳು. ಮೊಣಕಾಲುದ್ದ ಬೆಳೆದ ಎಳೆ ಸೊಪ್ಪು. ಮೂರನೇ ಮಡಿಗೆ ಬರುವಾಗ ಗೋಡೆಯಾಚೆ ಪಕ್ಕದ ಮನೆಯಾಕೆಯ ತಲೆ ಕಾಣಿಸಿತು.

"ಏನ್ರೀ ಇದು, ಎಲ್ಲಾ ಒಂದೇ ದಿನ ಕಿತ್ತುಬಿಟ್ರಾ? ನಮಗೊಂದು ಕಟ್ಟು ಇಟ್ಟಿರ್ರೀ. ವಾರವಾರ ನೀವು ಕೊಟ್ಟು ಕೊಟ್ಟು ನಮ್ಮ ಸೊಸೆಗೆ ಬೇರೆ ಸೊಪ್ಪು ಬಾಯಿಗೇ ಹತ್ತಲ್ಲ. ಬಸುರಿಗೆ ಆರು ತಿಂಗಳು ತುಂಬ್ತು ನೋಡಿ ಈಗ."

ಅವಳ ಕೈ ನಿಂತಿತು. ಹುಳ ಬಿದ್ದಿದೆ, ಅದಕ್ಕೇ ಕೀಳ್ತಿದ್ದೀನಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಎಷ್ಟು ಸಲೀಸಾದ ಮಾತು. ಯಾರೂ ಮರುಪ್ರಶ್ನೆ ಕೇಳದ ಮಾತು.

"ಏನಾಯ್ತ್ರೀ? ಯಾಕೆ ಹಾಗೆ ನೋಡ್ತೀರಾ?"

"ಸೊಸೆ ಮನೇಲಿದ್ದಾಳಾ?"

"ಇದ್ದಾಳೆ, ಮಲಗಿದ್ದಾಳೆ. ಯಾಕೆ?"

"ಮುಂದಿನ ಬಾಗಿಲು ತೆಗೀರಿ. ನಾನು ಅಲ್ಲಿಗೇ ಬರ್ತೀನಿ."

ಅವಳು ಗೋಣಿಯ ಬಾಯಿ ಕಟ್ಟಿ, ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು. ಪಕ್ಕದ ಮನೆಯ ಗೇಟಿನ ಮುಂದೆ ಬಂದು ನಿಂತಾಗ ಒಳಗಿನಿಂದ ಅಗುಳಿ ಸರಿಸುವ ಸದ್ದು, ಅದರ ಹಿಂದೆಯೇ ನಿದ್ದೆಯಿಂದ ಎದ್ದ ಒಂದು ಹೆಣ್ಣುದನಿ, "ಯಾರತ್ತೇ?" ಎಂದು ಕೇಳಿಸಿತು. ಅಂಗಳದ ತಂತಿಯ ಮೇಲೆ, ಆಗಷ್ಟೇ ಹೊಲಿದು ಒಗೆದು ಹಾಕಿದ ಅಂಗೈಯಗಲದ ಮೂರು ಅಂಗಿಗಳು ಬಿಸಿಲಿಗೆ ಆರುತ್ತಿದ್ದವು.