ನೀಲಿ ಪ್ಯಾಂಟಿನ ಜೊತೆ

ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲು ಬೆಳಗ್ಗೆ, ಟವೆಲಿಗೆಂದು ಬೀರು ತೆಗೆದ ಸೊಸೆ ಹಾಗೇ ನಿಂತುಬಿಟ್ಟಳು. ಗಂಡನ ಕರಿ ಕೋಟು ಹ್ಯಾಂಗರಿನಲ್ಲಿ ಆರಾಮಾಗಿ ತೂಗುತ್ತಿತ್ತು.

ಅದು ಅಲ್ಲಿರಲು ಸಾಧ್ಯವೇ ಇರಲಿಲ್ಲ. ಆ ಕೋಟು ತೊಟ್ಟುಕೊಂಡೇ ಅಲ್ಲವೇ ಗಂಡ ಮಣ್ಣಿಗೆ ಹೋದದ್ದು?

ಪಕ್ಕದ ಹ್ಯಾಂಗರಿನಲ್ಲಿ ಒಂದು ಪ್ಯಾಂಟಿತ್ತು. ಕಿಟಕಿಯ ಹತ್ತಿರ ಒಯ್ದು ನೋಡಿದಳು. ಕಡು ನೀಲಿ. ಆಗ ಎಲ್ಲವೂ ಒಟ್ಟಿಗೇ ತಿಳಿಯಿತು, ಅಟ್ಟದ ಮೇಲಿಂದ ಪಾತ್ರೆಗಳೆಲ್ಲ ಒಂದೇ ಸಲ ಉರುಳಿದ ಹಾಗೆ.

ನೀಲಿ ಸೂಟು ಗಂಡನದ್ದಲ್ಲ. ಬೀದಿ ಕೊನೆಯ ಫೋಟೋ ಸ್ಟುಡಿಯೋದ್ದು. ಕೋಟಿಲ್ಲದೆ ಬಂದವರಿಗೆ ತೊಡಿಸಿ ಫೋಟೋ ತೆಗೆಯಲೆಂದು ಸ್ಟುಡಿಯೋದವರು ಇಟ್ಟಿದ್ದ ಸೂಟು. ಬೀದಿಯ ಅರ್ಧ ಜನರ ಗುರುತಿನ ಚೀಟಿಯಲ್ಲಿ ಇರುವುದು ಅದೇ ಕೋಟು. ಗಂಡನಿಗೂ ತನ್ನದೇ ಕರಿ ಸೂಟಿತ್ತು, ಅವನಮ್ಮನೇ ಮದುವೆಗೆಂದು ಹೊಲಿದದ್ದು. ಪ್ಯಾಂಟನ್ನು ಅಮ್ಮ ಆಗಾಗ ಬಿಚ್ಚಿ ಅಗಲ ಮಾಡಿಕೊಟ್ಟಿದ್ದಳು. ಕೋಟಿನ ಗುಂಡಿ ಮಾತ್ರ ಕಾಜವನ್ನು ದೂರದಿಂದ ನೋಡಿ ನಿಟ್ಟುಸಿರು ಬಿಡುವ ಹಂತಕ್ಕೆ ಬಂದಿತ್ತು. ಆಫೀಸಿನ ವಾರ್ಷಿಕ ಸಮಾರಂಭಕ್ಕೆ ಕೋಟೊಂದು ಸಾಕು ಎಂದು ಇವನು ಕೇಳಿದರೆ, ಸ್ಟುಡಿಯೋದವರು ಪ್ಯಾಂಟನ್ನೂ ಕೈಗೆ ತುರುಕಿ ಕಳಿಸಿದ್ದರು. "ಜೊತೆ ಒಡೀಬೇಡಿ" ಎಂದಿದ್ದರಂತೆ. ಸಮಾರಂಭ ಮುಗಿದ ವಾರದಲ್ಲೇ ಗಂಡನ ಹೃದಯ ಹೇಳದೆ ಕೇಳದೆ ನಿಂತುಬಿಟ್ಟಿತು.

ಆ ದಿನ ಬಟ್ಟೆ ತೆಗೆದುಕೊಟ್ಟವಳು ಅತ್ತೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವಳ ಪಾಲಿಗೆ ಕಪ್ಪು, ನೀಲಿ, ಕಂದು ಎಲ್ಲವೂ ಒಂದೇ ಕಷಾಯದಲ್ಲಿ ಅದ್ದಿ ತೆಗೆದ ಬಣ್ಣ. "ಇದು ಕೋಟು, ಇದು ಪ್ಯಾಂಟು" ಎಂದು ಕೊಟ್ಟಳು. ಇವಳು ಇಸ್ತ್ರಿ ಮಾಡಿದಳು. ಹೀಗೆ ಮೇಲೆ ಸ್ಟುಡಿಯೋದ ನೀಲಿ ಕೋಟು, ಕೆಳಗೆ ತನ್ನ ಕರಿ ಪ್ಯಾಂಟು ತೊಟ್ಟು ಗಂಡ ಹೊರಟುಹೋಗಿದ್ದ.

ಬೇರೆ ಅತ್ತೆಯಾಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಈ ಅತ್ತೆ ಟೈಲರು. ತೋಳಿನ ಚೌಕಳಿ ಎದೆಯ ಚೌಕಳಿಗೆ ಕೂಡದಿದ್ದರೆ ಇಡೀ ಅಂಗಿ ಬಿಚ್ಚಿ ಮತ್ತೆ ಹೊಲಿದವಳು. ಮದುವೆಯೊಂದರಲ್ಲಿ ಗುಂಡಿಗಳ ಜೊತೆ ತಪ್ಪಿದ್ದಕ್ಕೆ ಮದುಮಗನನ್ನು ಪಕ್ಕಕ್ಕೆ ಕರೆದು ಬೈದವಳು. ಮಗನನ್ನು ಜೊತೆ ತಪ್ಪಿದ ಸೂಟಿನಲ್ಲಿ ಕಳಿಸಿದೆ ಎಂದು ಗೊತ್ತಾದರೆ ಅವಳು ಹಾಸಿಗೆ ಹಿಡಿದು ಮತ್ತೆ ಎದ್ದು ಕೂರುವುದಿಲ್ಲ. ಸೊಸೆಗೆ ಅಷ್ಟು ಮಾತ್ರ ಸ್ಪಷ್ಟವಾಗಿತ್ತು. ಉಳಿದ ಯಾವುದೂ ಮನಸ್ಸಿಗೆ ತಾಕುತ್ತಿರಲಿಲ್ಲ. ಅಳು ಕೂಡ ಎಲ್ಲೋ ದಾರಿ ತಪ್ಪಿಸಿಕೊಂಡಿತ್ತು.

ಅಷ್ಟರಲ್ಲಿ ಅತ್ತೆ ಗೋಡೆ ಸವರಿಕೊಂಡು ಬಂದಳು. "ಬೀರು ಮುಂದೆ ಏನು ಮಾಡ್ತಿದ್ದೀಯಾ?"

"ಟವೆಲು ಹುಡುಕ್ತಿದ್ದೆ ಅತ್ತೆ."

"ಹೆಗಲ ಮೇಲಿದೆಯಲ್ಲೇ."

ಇತ್ತು. ಪೊರೆ ಬಂದ ಕಣ್ಣಿಗೆ ಕಂಡದ್ದು ಇವಳಿಗೆ ಕಂಡಿರಲಿಲ್ಲ.

"ಕೇಳಿಲ್ಲಿ," ಎಂದಳು ಅತ್ತೆ, "ಆ ಕಣ್ಣಿನ ಆಪರೇಶನ್ ಮುಂದಕ್ಕೆ ಹಾಕಿಸು. ಈಗ ನೋಡೋದಕ್ಕೆ ಏನಿದೆ ನಂಗೆ?"

ಹಾಕಿಸಬಹುದಿತ್ತು. ಹಾಕಿಸಿದರೆ ನೀಲಿ ನೀಲಿಯಾಗಿ ಕಾಣುವುದೇ ಇಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಸೊಸೆ ಬಾಯಿ ತೆರೆದಳು ಕೂಡ. ಆದರೆ ಆ ತಾರೀಕಿಗೋಸ್ಕರ ಗಂಡ ಆಸ್ಪತ್ರೆಯ ಕಿಟಕಿಯ ಮುಂದೆ ಎಷ್ಟು ಸಲ ನಿಂತಿದ್ದ ಎಂಬುದು ನೆನಪಾಯಿತು.

"ಹೋಗೋಣ ಅತ್ತೆ," ಎಂದಳು.

ಆಪರೇಶನ್ ಆಗಿ ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚುವುದರೊಳಗೆ ಪ್ಯಾಂಟನ್ನು ಹಿಂದಿರುಗಿಸಿಬಿಡಬೇಕೆಂದು ಚೀಲಕ್ಕೆ ಹಾಕಿಕೊಂಡು ಸ್ಟುಡಿಯೋದವರೆಗೂ ಹೋದಳು. ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು: 'ನಿಮ್ಮ ಪ್ಯಾಂಟು ಇಲ್ಲಿದೆ, ಕೋಟು ಮಾತ್ರ...' ಅಲ್ಲಿಂದ ಮುಂದಕ್ಕೆ ವಾಕ್ಯ ಹೋಗಲೇ ಇಲ್ಲ. ಅದೇ ಚೀಲ ಹಿಡಿದು ಮನೆಗೆ ಬಂದಳು. ಮಾರನೆಯ ದಿನವೂ ಅಷ್ಟೇ.

ಕೊನೆಗೆ ಆಸ್ಪತ್ರೆಯಿಂದಲೇ ಉಪಾಯ ಸಿಕ್ಕಿತು. ಎಡಗಣ್ಣಿನ ಆಪರೇಶನ್ ಸಲೀಸಾಗಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚುವ ಮುಂಚೆ ಡಾಕ್ಟರು ನಿಯಮ ಒಪ್ಪಿಸಿದರು: ಕಣ್ಣು ಉಜ್ಜಬಾರದು, ತಲೆಗೆ ನೀರು ಹಾಕಬಾರದು, ಹೊರಗೆ ಹೋದರೆ ಕಪ್ಪು ಕನ್ನಡಕ, ಹೊತ್ತು ಹೊತ್ತಿಗೆ ಡ್ರಾಪ್ಸು. "ಮುಖ್ಯವಾಗಿ, ಬಗ್ಗಬಾರದು."

ಸೊಸೆಗೆ ಜೀವ ಬಂತು. ಬಗ್ಗಬಾರದು! ಪ್ಯಾಂಟನ್ನು ಮಂಚದ ಕೆಳಗೆ ತಳ್ಳಿದರೆ ಡಾಕ್ಟರ ಆಜ್ಞೆಯೇ ಕಾವಲು.

ಪಟ್ಟಿ ಬಿಚ್ಚಿದರು. ಅತ್ತೆ ರೆಪ್ಪೆ ಬಡಿದಳು. ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಅಂಗಿ ಕಾಲರ್ ತಿರುಗುಮುರುಗು ಹೊಲಿದಿದ್ದಾರೆ," ಎಂದಳು. "ಯಾರು ಹೊಲಿದದ್ದು?"

ಅಲ್ಲಿಂದ ಶುರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿದಳು, ಗಟ್ಟಿಯಾಗಿ, ಫೋನ್ ನಂಬರು ಸಮೇತ. ಕಂಡಕ್ಟರು, "ಅಜ್ಜಿ, ಸ್ಟಾಪಿನ ಹೆಸರೂ ನೀವೇ ಕೂಗಿಬಿಡಿ, ನಾನು ಕೂತ್ಕೋತೀನಿ" ಎಂದ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುವುದು, ಅದನ್ನು ಮುಚ್ಚಿ ಇದನ್ನು ತೆರೆಯುವುದು ಅವಳಿಗೆ ಆಟವಾಗಿಬಿಟ್ಟಿತು. "ಬಲಗಣ್ಣಿಗೆ ಸಂಜೆ, ಎಡಗಣ್ಣಿಗೆ ಬೆಳಗ್ಗೆ!" ಎದುರು ಸೀಟಿನ ಗಂಡಸು ತನಗೇ ಕಣ್ಣು ಹೊಡೆಯುತ್ತಿದ್ದಾಳೆಂದು ತಿಳಿದು ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.

ಮನೆಗೆ ಬಂದೊಡನೆ ಸೊಸೆ ಪ್ಯಾಂಟನ್ನು ಮಂಚದ ಕೆಳಗೆ ತಳ್ಳಿದಳು. ಅತ್ತೆಯ ಸಂಭ್ರಮವನ್ನಂತೂ ಕೇಳುವುದೇ ಬೇಡ. ಗ್ಯಾಸ್ ಹಚ್ಚಿದರೆ, "ಅಯ್ಯೋ, ಬೆಂಕಿ ನೀಲಿಯಾಗಿದೆ!" ಗೋಡೆ ಕೆನೆ ಬಣ್ಣದ್ದಲ್ಲ, ಬಿಳಿ. ಬಿಳಿ ಲೋಟಗಳೆಂದು ಮುಚ್ಚಟೆಯಿಂದ ಇಟ್ಟುಕೊಂಡಿದ್ದವು ಬಿಳಿಯಲ್ಲ, ಕೊಳೆ. ಲೋಟಕ್ಕೆಂದು ಸುರಿದ ನೀರು ಲೋಟದ ಪಕ್ಕಕ್ಕೆ ಬಿತ್ತು. ಎರಡು ಕಣ್ಣುಗಳು ಲೋಟ ಎಲ್ಲಿದೆ ಎಂಬ ಬಗ್ಗೆ ಇನ್ನೂ ಒಮ್ಮತಕ್ಕೆ ಬಂದಿರಲಿಲ್ಲ. ಹಳೆಯ ಕನ್ನಡಕ ಹಾಕಿದರೆ ಮನೆ ಓಲಾಡಿತು. ಅದರ ಎಡಗಡೆಯ ಗಾಜನ್ನು ಸೊಸೆ ತೆಗೆದುಕೊಟ್ಟಳು. ಗಾಜಿಲ್ಲದ ಆ ಚೌಕಟ್ಟಿನೊಳಗೆ ಬೆರಳು ತೂರಿಸಿ ಅತ್ತೆ ಮೂಗು ತುರಿಸಿಕೊಂಡಳು, "ಇದೊಂದು ಅನುಕೂಲ."

ಕನ್ನಡಿ ಮುಂದೆ ಮಾತ್ರ ಬಹಳ ಹೊತ್ತು ನಿಂತಳು. "ಈ ಮುದುಕಿ ಯಾವಾಗ ಬಂದು ಸೇರ್ಕೊಂಡ್ಳು?" ಆಮೇಲೆ ಸೊಸೆಯತ್ತ ತಿರುಗಿದಳು. "ನೀನ್ಯಾಕೆ ಹೀಗೆ ಸೊರಗಿದ್ದೀಯಾ? ದನಿ ಕೇಳಿದರೆ ದಪ್ಪಗಿದ್ದೆ."

ಆದರೆ ಎಲ್ಲಕ್ಕಿಂತ ಹೆಚ್ಚು ಅವಳಿಗೆ ಹುಚ್ಚು ಹಿಡಿಸಿದ್ದು ನೀಲಿ. ಪೊರೆ ಅದೊಂದು ಬಣ್ಣವನ್ನು ವರ್ಷಗಟ್ಟಲೆ ನುಂಗಿ ಕೂತಿತ್ತು. ಈಗ ಮನೆಯೆಲ್ಲ ಅದನ್ನು ಬೇಟೆಯಾಡತೊಡಗಿದಳು. ಪೆನ್ನಿನ ಕ್ಯಾಪು, ಹಲ್ಲುಜ್ಜುವ ಬ್ರಶ್ಶು, ಬಕೆಟ್ಟಿನ ಮುಚ್ಚಳ, ದಾರದ ಉಂಡೆ, ಎಲ್ಲವನ್ನೂ ತಂದು ಮೇಜಿನ ಮೇಲೆ ಗುಡ್ಡೆ ಹಾಕಿದಳು. "ಇದು ನೀಲಿ! ಇದೂ ನೀಲಿ! ಈ ದಾರಾನ ನಾನು ಕರಿ ಅಂತ ಎಷ್ಟು ಜನರ ಪ್ಯಾಂಟಿಗೆ ಹಾಕಿ ಹೊಲಿದಿದ್ದೀನೋ!" ಸೊಸೆ ನಗಬೇಕೋ ಬೆವರಬೇಕೋ ತಿಳಿಯದೆ ಅವಳ ಹಿಂದೆ ಹಿಂದೆಯೇ ಓಡಾಡಿದಳು. ಬೇಟೆ ಹೊರಕೋಣೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಮಲಗುವ ಕೋಣೆಗೆ ಬಂತು.

"ಕೂತ್ಕೊಳ್ಳಿ ಅತ್ತೆ, ಡ್ರಾಪ್ಸ್ ಹೊತ್ತಾಯ್ತು," ಎಂದು ಅವಳನ್ನು ಕೋಣೆಯ ಆ ತುದಿಯ ಕುರ್ಚಿಯಲ್ಲಿ ಕೂರಿಸಿದಳು. ಮಂಚದಿಂದ ಆದಷ್ಟು ದೂರ. ಡಾಕ್ಟರು ಹೇಳಿದ ಇನ್ನೊಂದು ಮಾತನ್ನು ಸೊಸೆ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ: ಕಣ್ಣಿಗೆ ಹಾಕಿದ ಹೊಸ ಮಸೂರಕ್ಕೆ ಹತ್ತಿರದ್ದು ಮಸುಕು, ದೂರದ್ದು ನಿಚ್ಚಳ.

ಡ್ರಾಪ್ಸು ಬಿತ್ತು. ಅತ್ತೆ ಕಣ್ಣು ಬಿಟ್ಟಳು. ಕುರ್ಚಿಯಲ್ಲಿ ನೆಟ್ಟಗೆ, ಒಂದಿಷ್ಟೂ ಬಗ್ಗದೆ ಕೂತಿದ್ದಳು.

"ಮಂಚದ ಕೆಳಗೆ ಅದೇನೇ ನೀಲಿ?"

"ಚಾಪೆ ಅತ್ತೆ."

"ಚಾಪೆಗೆ ಜೇಬಿರುತ್ತಾ?"

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಸೊಸೆ ಪ್ಯಾಂಟು ತಂದು ಅವಳ ಮಡಿಲಲ್ಲಿಟ್ಟಳು. ಅತ್ತೆ ಅದನ್ನು ಕೈಯಳತೆಗೆ ದೂರ ಹಿಡಿದು ನೋಡಿದಳು. ಮಡಚಿದ ಅಂಚನ್ನು ಬೆರಳಿನಿಂದ ಸವರಿದಳು. "ನನ್ನ ಹೊಲಿಗೆ ಅಲ್ಲ. ಯಾರದ್ದಿದು?"

"ಸ್ಟುಡಿಯೋದವರದ್ದು."

"ಹಾಗಾದ್ರೆ ಕೋಟೆಲ್ಲಿ?"

ಸೊಸೆ ಬೀರುವಿನ ಬಾಗಿಲು ತೆರೆದಳು. ಕರಿ ಕೋಟನ್ನು ಅತ್ತೆ ದೂರದಿಂದಲೇ ಗುರುತಿಸಿದಳು. ಪ್ಯಾಂಟು ನೋಡಿದಳು, ಕೋಟು ನೋಡಿದಳು. ಅವಳ ಮುಖದಲ್ಲಿ ಲೆಕ್ಕ ನಡೆಯುವುದು ಕಾಣುತ್ತಿತ್ತು. ಡ್ರಾಪ್ಸಿನ ಬಾಟಲಿಯನ್ನು ಸೊಸೆ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು ತಾನಾಗಿ ತೊಟ್ಟಿಕ್ಕುತ್ತಿತ್ತು.

"ನಾನೇ ತೆಗೆದುಕೊಟ್ಟೆ," ಎಂದಳು ಅತ್ತೆ ಮೆಲ್ಲಗೆ. "ಆ ದಿನ ಕೈಯೂ ಸತ್ತಿತ್ತು. ಮುಟ್ಟಿದರೂ ತಿಳೀಲಿಲ್ಲ."

"ಅತ್ತೆ, ಅದು..."

"ನಂಗೇನೋ ಪೊರೆ ಇತ್ತು." ಅತ್ತೆ ಅವಳನ್ನೇ ದಿಟ್ಟಿಸಿದಳು. "ಇಸ್ತ್ರಿ ಮಾಡಿದವಳು ನೀನು. ನಿಂಗೇನಾಗಿತ್ತೇ?"

ಸೊಸೆ ಏನೋ ಹೇಳಲು ಹೋದಳು. ಮೂಗಿನಿಂದ ಒಂದು ಸದ್ದು ಬಂತು. ಅದು ನಗು ಎಂದು ಅವಳಿಗೇ ತಡವಾಗಿ ಗೊತ್ತಾಯಿತು.

ಅತ್ತೆ ಹೊಸ ಕಣ್ಣನ್ನು ಅಂಗೈಯಿಂದ ಮರೆಮಾಡಿ ಬಲಗಣ್ಣಿನಿಂದ ಎರಡನ್ನೂ ನೋಡಿದಳು. "ಈ ಕಣ್ಣನ್ನ ಕೇಳಿದ್ರೆ ಜೊತೆ ಸರಿಯಾಗೇ ಇದೆ ಅನ್ನುತ್ತೆ. ಪಾಪದ್ದು." ಅಷ್ಟಂದದ್ದೇ ತಡ, ಅವಳ ಹೊಟ್ಟೆ ಅಲುಗತೊಡಗಿತು. "ಎಲ್ಲರೂ ಸಾಲಾಗಿ ನಿಂತು ನೋಡಿದ್ರಲ್ಲೇ! ಅವನ ಆಫೀಸರು, ನಿಮ್ಮಪ್ಪ, ಒಬ್ಬರಿಗಾದ್ರೂ ಕಂಡಿದ್ದರೆ!"

"ನಗಬೇಡಿ ಅತ್ತೆ, ಕಣ್ಣಿಗೆ ಶ್ರಮ..."

"ಡಾಕ್ಟರು ಬಗ್ಗಬೇಡಿ ಅಂದ್ರು, ನಗಬೇಡಿ ಅನ್ನಲಿಲ್ಲ!"

ಬಗ್ಗದೆ ನಗುವುದು ಸುಲಭದ ಕೆಲಸವಲ್ಲ. ಅತ್ತೆ ಗರುಡಗಂಬದ ಹಾಗೆ ನೆಟ್ಟಗೆ ಕೂತು ನಕ್ಕಳು. ಸೊಸೆ ನೆಲದ ಮೇಲೆ ಕುಸಿದು ಇಬ್ಬರ ಪಾಲಿನದ್ದನ್ನೂ ಬಗ್ಗಿ ನಕ್ಕಳು. ನಗುತ್ತ ನಗುತ್ತ ಅದು ಎಲ್ಲಿ ಅಳುವಾಯಿತೋ ತಿಳಿಯಲಿಲ್ಲ. ಅತ್ತೆ ಅವಳ ತಲೆಯ ಮೇಲೆ ಕೈಯಿಡಲು ಹೋದಳು. ಅಂದಾಜು ತಪ್ಪಿ ಕೈ ಕಿವಿಯ ಮೇಲೆ ಬಿತ್ತು. ಅಲ್ಲೇ ಇಟ್ಟುಕೊಂಡಳು.

"ಏಳು," ಎಂದಳು ಆಮೇಲೆ. "ಊರವರ ಸೂಟಿನ ಜೊತೆ ಒಡೆದು ಕೂತಿದ್ದೀವಿ. ನಡಿ. ಆ ಕರಿ ಕೋಟೂ ತಗೋ."

ಸೊಸೆ ಕೋಟನ್ನು ಹ್ಯಾಂಗರಿನಿಂದ ತೆಗೆಯಲಿಲ್ಲ. "ಅದು ಅವರದ್ದು," ಎಂದಳು.

"ಅವನಿಗೆ ಗುಂಡಿ ಕೂಡ್ತಾ ಇರಲಿಲ್ಲ ಕಣೇ. ಇಲ್ಲಿ ತೂಗಾಡಿ ಏನು ಮಾಡುತ್ತೆ? ಆದ್ರೆ ನೀನು ಕೊಡಲ್ಲ ಅಂದ್ರೆ ಬೇಡ."

ಸೊಸೆ ಯೋಚಿಸಿದಳು. ಕೋಟಿನ ತೋಳನ್ನು ಒಮ್ಮೆ ಹಿಡಿದು ನೋಡಿದಳು. ಮಡಚಿ ಚೀಲಕ್ಕೆ ಹಾಕಿದಳು.

ಸ್ಟುಡಿಯೋದ ಯಜಮಾನರನ್ನು ಬೀದಿಯವರು ಕರೆಯುತ್ತಿದ್ದುದು 'ನಗಬೇಡಿ ಮಾಮ' ಎಂದು. ಸರ್ಕಾರಿ ಕಾಗದಕ್ಕೆ ಬೇಕಾದ ಫೋಟೋದಲ್ಲಿ ಹಲ್ಲು ಕಾಣಬಾರದಲ್ಲ, ದಿನವಿಡೀ ಅದೊಂದೇ ಮಾತು ಹೇಳಿ ಹೇಳಿ ಅದೇ ಹೆಸರಾಗಿತ್ತು. ಅತ್ತೆ ಕಪ್ಪು ಕನ್ನಡಕದಲ್ಲಿ ಒಳಗೆ ಬಂದದ್ದನ್ನು ನೋಡಿ ಅವರು ಎದ್ದು ನಿಂತರು.

"ಮಾಮ, ನಿಮ್ಮ ಕೋಟು..." ಎಂದು ಸೊಸೆ ಶುರುಮಾಡಿದಳು. ವಾಕ್ಯ ಮತ್ತೆ ಅಲ್ಲೇ ನಿಂತಿತು.

"ಗೊತ್ತಮ್ಮ. ಆ ದಿನ ಬಂದಿದ್ದೆನಲ್ಲ. ನನ್ನ ಕೋಟು ನಂಗೆ ಗುರುತು ಸಿಗಲ್ವಾ?"

"ನೋಡಿಯೂ ಸುಮ್ಮನಿದ್ದೆಯಾ?" ಎಂದಳು ಅತ್ತೆ.

"ಮತ್ತೇನು ಮಾಡಲಿ ತಾಯಿ? ಬಿಚ್ಚಿಕೊಡಿ ಅನ್ನಲಾ?"

ಅತ್ತೆಯ ಭುಜ ಮತ್ತೆ ಅಲುಗತೊಡಗಿತು. ಸೊಸೆ ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಬಸ್ಸು ತಪ್ಪುತ್ತದೆ ಎಂದು ಬಡಬಡಿಸುತ್ತ ಒಬ್ಬ ದಪ್ಪ ಮನುಷ್ಯ ನುಗ್ಗಿದ. ಅವನಿಗೆ ಕೋಟು ಹಾಕಿದ ಫೋಟೋ ಈಗಿಂದೀಗಲೇ ಬೇಕಿತ್ತು. "ಕೋಟಿಲ್ಲ ಸ್ವಾಮಿ," ಎಂದರು ಮಾಮ, "ಈಗ ಸ್ವಲ್ಪ ದಿನದಿಂದ ಜನ ನನ್ನ ಸ್ವೆಟರಿನಲ್ಲೇ..."

"ಇದೆ," ಎಂದಳು ಸೊಸೆ.

ಚೀಲದಿಂದ ಕರಿ ಕೋಟು ತೆಗೆದು ಅವಳೇ ತೊಡಿಸಿದಳು. ಗುಂಡಿ ಇವನಿಗೂ ಕಾಜವನ್ನು ಮುಟ್ಟಲಿಲ್ಲ. "ಉಸಿರು ಒಳಗೆ ಎಳ್ಕೊಳ್ಳಿ," ಎಂದಳು ಅತ್ತೆ ಬಾಗಿಲ ಹತ್ತಿರದಿಂದ. ಅಲ್ಲಿಂದ ಅವಳಿಗೆ ಎಲ್ಲವೂ ನಿಚ್ಚಳವಾಗಿತ್ತು. "ಎಡ ಭುಜ ಇಳಿಸಿ. ಇನ್ನೂ. ಹಾಂ." ಗುಂಡಿ ಕೂಡಿತು. ಆ ಮನುಷ್ಯನ ಮುಖ ಕೆಂಪಾಯಿತು.

"ನಗಬೇಡಿ," ಎಂದರು ಮಾಮ.

ಅವನೆಲ್ಲಿ ನಗುತ್ತಾನೆ, ಅವನಿಗೆ ಉಸಿರೇ ಇರಲಿಲ್ಲ. ಕ್ಯಾಮೆರಾದ ಹಿಂದೆ ಹೆಂಗಸರಿಬ್ಬರು ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು ನಗು ತಡೆಯಲಾರದೆ ಬಿಕ್ಕುತ್ತಿದ್ದರು.

ಅವನು ಹೋದ ಮೇಲೆ ಮಾಮ ಕೋಟನ್ನು ಗೋಡೆಯ ಮೊಳೆಗೆ ತಗುಲಿಹಾಕಿದರು. ಸೊಸೆ ನೀಲಿ ಪ್ಯಾಂಟನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ಇದು ನಂಗ್ಯಾಕಮ್ಮ? ಫೋಟೋ ಎದೆಗೇ ಮುಗಿದುಹೋಗುತ್ತೆ. ಆವತ್ತೂ ನಾನು ಸುಮ್ಮನೆ, ಜೊತೆ ಅಂತ ಕೊಟ್ಟದ್ದು."

"ಇರಲಿ ಮಾಮ," ಎಂದಳು ಸೊಸೆ. "ಅವರು ಇಸ್ಕೊಂಡದ್ದು, ವಾಪಸ್ ಕೊಡಬೇಕಲ್ಲ."

ಮಾಮ ಎರಡೂ ಕೈಯಲ್ಲಿ ತೆಗೆದುಕೊಂಡರು.